ಅಕ್ಕ ರೇಸ್ ಟ್ರ್ಯಾಕಿಗೆ ಹೋದದ್ದು, ನಾನು ತೆಂಗಿನಕಾಯಿ ಹಿಡಿದು ನಿಂತದ್ದು

ನಮ್ಮಕ್ಕನಿಗೆ ತಲೆ ನೆಟ್ಟಗಿಲ್ಲ ಅಂತ ಸುರಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಶಹಾಪುರದಲ್ಲಾದರೆ ನನ್ನನ್ನೇ ಕೇಳಿ, ಪುರಾವೆ ಸಮೇತ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು ಒಪ್ಪಿಕೊಂಡುಬಿಡಬೇಕು. ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡುವ ನಾನು ನಮ್ಮಕ್ಕನ ಗಾಡಿಗೆ ಒಂದು ಕ್ಲಚ್ ವೈರು ಹಾಕಿಕೊಡಲಿಲ್ಲ. ಹಾಕಿದ್ದೇನೆ ಅಂತ ಮಾತ್ರ ಹೇಳಿದೆ.

ಅಕ್ಕ ಬಳೆ ಮಾರುತ್ತಾಳೆ. ಅದರಲ್ಲೇನು ವಿಶೇಷ ಅಂತೀರಾ? ಇವಳು ಕಚ್ಚೆ ಸೀರೆ ಉಟ್ಟು, ಗಾಜಿನ ಬಳೆಯ ಪೆಟ್ಟಿಗೆಗಳನ್ನು ಹಳೇ ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು, ಸುರಪುರದಿಂದ ಕೆಂಭಾವಿ ಸಂತೆಗೆ ತಾನೇ ಓಡಿಸಿಕೊಂಡು ಹೋಗುತ್ತಾಳೆ! ಗಾಡಿ ಭಾವನವರದು. ಒಮ್ಮೆ ಜಾಲಿಕಂಟಿಗೆ ನುಗ್ಗಿಸಿದ ಮೇಲೆ ಅವರು ಹ್ಯಾಂಡಲ್ ಮುಟ್ಟಿಲ್ಲ. ಹಿಂದೆ ಕೂತು, ಕಣ್ಣು ಮುಚ್ಚಿ, ಅಬ್ಬೆತುಮಕೂರಿನ ಮಠ ನೆನೆಯುತ್ತಾರೆ. ತಿರುವಿನಲ್ಲಿ ಅಕ್ಕ ಗಾಡಿ ವಾಲಿಸಿದಳೆಂದರೆ ಭಾವನವರ ಜೀವ ಹೋಗಿ ಬರುತ್ತದೆ, ಬಳೆ ಮಾತ್ರ ಒಂದೂ ಒಡೆಯುವುದಿಲ್ಲ.

ಅವಳಿಗೊಂದು ಹುಚ್ಚು ಆಸೆಯಿತ್ತು. "ಎದುರಿಗೆ ಯಾರೂ ಬರಲಾರದ ರಸ್ತ್ಯಾಗ ಒಮ್ಮೆ ಓಡಸ್ಬೇಕೋ ತಮ್ಮಾ. ಎಮ್ಮಿ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಹಂಪ್ ಇಲ್ಲ." ನಮ್ಮ ಜಿಲ್ಲೆಯಲ್ಲಿ ಅಂಥ ರಸ್ತೆ ಬೇಕೆಂದರೆ ಕನಸಿನಲ್ಲೇ ಹಾಕಿಸಬೇಕು. ಆದರೆ ಒಂದು ದಿನ ರಾಮಸಮುದ್ರದ ಹತ್ತಿರ, ಪಂಕ್ಚರ್ ಆಗಿ ನಿಂತಿದ್ದ ಹೈದರಾಬಾದಿನ ಬೈಕ್ ಹುಡುಗಿಯರಿಗೆ ಇವಳು ನೆರವಾದಳು. ಬಿಡದೆ ಬಳೆಯನ್ನೂ ತೊಡಿಸಿದಳು. ಚೆನ್ನೈ ಕಡೆ ರೇಸ್ ಟ್ರ್ಯಾಕ್ ಇದೆ, ಒಂದೊಂದು ದಿನ ಮಾಮೂಲಿ ಮಂದಿಗೂ ಬಿಡುತ್ತಾರೆ, ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ ಅಂತ ಅವರು ಹೇಳಿದರು. ಎಲ್ಲರೂ ಒಂದೇ ದಿಕ್ಕಿಗೆ! ಅವತ್ತು ಅಕ್ಕನಿಗೆ ಊಟ ಸೇರಲಿಲ್ಲವಂತೆ.

ಅವಳ ಜೊತೆ ನಾನೂ ಹೋಗುವುದು ಅಂತಾಯಿತು. ಗಾಡಿ ನನ್ನ ಅಂಗಡಿಗೆ ಬಂತು. ಕ್ಲಚ್ ವೈರಿನ ಎಳೆಗಳು ಬಿಚ್ಚಿಕೊಂಡಿದ್ದವು. ಹೊಸದು ತರಿಸಿದೆ. ಆದರೆ ನಮ್ಮ ಕಸುಬಿನಲ್ಲಿ ಮಂದಿಯ ಗಾಡಿ ಇವತ್ತು, ಮನೆಯವರ ಗಾಡಿ ನಾಳೆ. ನಾಳೆ ನಾಳೆ ಅನ್ನುವಷ್ಟರಲ್ಲಿ ರೈಲಿನ ದಿನ ಬಂದೇಬಿಟ್ಟಿತು. ಅಲ್ಲೇ ಹಾಕಿದರಾಯಿತು ಅಂತ ವೈರನ್ನು ಗಾಡಿಯ ಟೂಲ್ ಬಾಕ್ಸಿನಲ್ಲಿಟ್ಟೆ.

ಅಷ್ಟರಲ್ಲಿ ನನ್ನ ಹೆಂಡತಿ ಒಂದು ಗಂಟು ತಂದಳು. ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ, ಕುಪ್ಪಸದ ಕಣ, ಮೇಲೊಂದು ಸಣ್ಣ ತೆಂಗಿನಕಾಯಿ. ಮನೆಯ ಹೆಣ್ಣುಮಗಳು ದೂರ ಹೊರಟಾಗ ತವರಿನವರು ಉಡಿ ತುಂಬದೆ ಕಳಿಸಬಾರದಲ್ಲ? ಗಾಡಿ ನಾನು ತರುವುದು, ಅಕ್ಕ ಸುರಪುರದಿಂದ ನೆಟ್ಟಗೆ ಯಾದಗಿರಿ ಸ್ಟೇಷನ್ನಿಗೆ ಬರುವವಳಿದ್ದಳು. ಅಲ್ಲೇ ಅವಳ ಸೆರಗಿಗೆ ಹಾಕು ಅಂದಳು ಹೆಂಡತಿ. ಪ್ಲಾಟ್‌ಫಾರ್ಮಿನಲ್ಲಿ ಮೀಸೆ ಹೊತ್ತ ಗಂಡಸು ಉಡಿ ತುಂಬುವುದೇ? ನಾಚಿಕೆಯಾಗಿ ಗಂಟನ್ನು ಟೂಲ್ ಬಾಕ್ಸಿಗೆ ತುರುಕಿದೆ. ಜಾಗ ಸಾಲಲಿಲ್ಲ. ವೈರನ್ನು ತೆಗೆದು ಮೊಳೆಗೆ ತೂಗುಹಾಕಿದೆ, ಚೀಲಕ್ಕೆ ಹಾಕಿಕೊಳ್ಳೋಣ ಅಂತ. ಅಲ್ಲೇ ಮರೆತೆ.

ಸ್ಟೇಷನ್ನಿನಲ್ಲಿ ಅಕ್ಕ ಕೇಳಿದಳು: "ವೈರ್ ಹಾಕಿದ್ಯೇನೋ?"

"ಹಾಕೀನಕ್ಕಾ."

ಪೆಟ್ರೋಲ್ ಇಳಿಸಿ, ಗೋಣಿಚೀಲ ಸುತ್ತಿ, ಗಾಡಿಯನ್ನು ಪಾರ್ಸಲ್ ಡಬ್ಬಿಗೆ ಏರಿಸುವಾಗ ಅದರ ಬಾಜೂಕೇ ತನಗೊಂದು ಸೀಟು ಸಿಗುತ್ತದೇನು ಅಂತ ಅಕ್ಕ ಗುಮಾಸ್ತರನ್ನು ವಿಚಾರಿಸಿದಳು. ಅವರು ತಲೆ ಎತ್ತದೆ, "ಗೋಣಿಚೀಲ ಸುತ್ತಿದ್ರ ನಿಮ್ಮನ್ನೂ ಕಳಸ್ತೀವ್ರಿ ತಾಯಿ" ಅಂದರು.

ಟ್ರ್ಯಾಕಿನಲ್ಲಿ ಬಾಡಿಗೆಯ ತೊಗಲಿನ ಅಂಗಿ ಕೊಟ್ಟರು. ಅಲ್ಲಿದ್ದ ನಾಲ್ಕು ಹುಡುಗಿಯರು ಸೇರಿ ಅಕ್ಕನನ್ನು ಅದರೊಳಗೆ ತುಂಬಿದರು. ಎಮ್ಮೆ ತೊಗಲು ಎಮ್ಮೆಗೇ ಚೆಂದ ಅಂತ ಅವಳ ಗೊಣಗಾಟ. ಬಳೆ ತೆಗೆಯಬೇಕು ಅಂದಳು ತಪಾಸಣೆಯ ಹುಡುಗಿ. ಅಕ್ಕ ಬಿಚ್ಚಿ, ಅವಳ ಕೈಗೇ ತೊಡಿಸಿ, ನಾ ಬರೂತನಕ ಇವು ಖಾಲಿ ಕೂಡಬಾರದು ಅಂದಳು. ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ತಲೆಯಾಡಿಸಿದಳು.

ಗಾಡಿಗಳು ಸಾಲಾಗಿ ನಿಂತವು. ಎಲ್ಲ ಹೊಸ ಗಾಡಿ, ನಡುವೆ ನಮ್ಮದು, ಹಣೆತುಂಬ ವಿಭೂತಿ ಹಚ್ಚಿಕೊಂಡು. ಅಕ್ಕ ಕ್ಲಚ್ ಒತ್ತಿದಳು. ಟಪ್ ಅಂತ ಸದ್ದು. ವೈರು ಹರಿಯಿತು.

"ಹೊಸಾದು ಹೆಂಗ ಹರೀತೋ?" ಅಂದಳು. ಪಕ್ಕಕ್ಕೆ ತಳ್ಳಿಕೊಂಡು ಬಂದು, ಏನಾದರೂ ಸಿಕ್ಕೀತು ಅಂತ ಅವಳೇ ಟೂಲ್ ಬಾಕ್ಸ್ ತೆಗೆದಳು. ಅಕ್ಕಿ ಸುರಿಯಿತು. ತೆಂಗಿನಕಾಯಿ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು.

ಅಕ್ಕ ಬಾಗಿ ಕುಪ್ಪಸದ ಕಣವನ್ನು ಎತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಅವ್ವ ಹೋದ ಮ್ಯಾಲ ನನಗ್ಯಾರೂ ಉಡಿ ತುಂಬಿದ್ದಿಲ್ಲೋ" ಅಂದಳು. ನಿಜ. ಎಷ್ಟೋ ನಾಗರಪಂಚಮಿ ಬಂದು ಹೋದವು, ನಾನು ಅವಳನ್ನು ತವರಿಗೆ ಕರೆಯಲಿಲ್ಲ. ಅಂಗಡಿ, ಕೆಲಸ, ನಾಳೆ.

ವೈರಿನ ವಿಷಯ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಕಣವನ್ನು ತೊಗಲಂಗಿಯ ಎದೆಯೊಳಗೆ ಸಿಕ್ಕಿಸಿಕೊಂಡು, ತೆಂಗಿನಕಾಯಿಯನ್ನು ನನ್ನ ಕೈಗಿಟ್ಟು, "ದಬ್ಬು" ಅಂದಳು. ಕ್ಲಚ್ ಇಲ್ಲ ಅಂತ ಅಲ್ಲಿಯವರಿಗೆ ಹೇಳಿದರೆ ತಾನೇ ಅವರು ಬೇಡ ಅನ್ನುವುದು? ವೈರು ಹರಿದ ಗಾಡಿಯನ್ನು ಸಂತೆಯಿಂದ ಮನೆ ಮುಟ್ಟಿಸುವುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ! ದಬ್ಬಿದೆ. ಗೇರಿಗೆ ಒದ್ದಳು. ಗಾಡಿ ಕುಪ್ಪಳಿಸಿ ಹೋಯಿತು.

ನಾನು ತೆಂಗಿನಕಾಯಿ ಹಿಡಿದು ನಿಂತೆ. ಅವಳು ಬಿದ್ದರೆ ಬೀಳಿಸಿದವನು ನಾನೇ. ಪ್ರತಿ ತಿರುವಿಗೂ ಅಕ್ಕ ಹಾರನ್ ಹೊಡೆಯುತ್ತಿದ್ದಳು. ಹಿಂದಿನವರಿಗೆ ಕೈ ತೋರಿಸಿ ದಾರಿ ಬಿಡುತ್ತಿದ್ದಳು. ಎಲ್ಲರೂ ದಾಟಿ ಹೋದರು. ಕಡೆಗೆ ಅವಳೊಬ್ಬಳೇ ಉಳಿದಳು, ಅಷ್ಟುದ್ದ ಖಾಲಿ ರಸ್ತೆಯಲ್ಲಿ, ಬಳೆಯ ಪೆಟ್ಟಿಗೆ ಹಿಂದಿದೆಯೇನೋ ಅನ್ನುವ ಹಾಗೆ ನಯವಾಗಿ ವಾಲುತ್ತ.

ಬಂದು ಗಕ್ಕನೆ ನಿಂತಳು. ಹೆಲ್ಮೆಟ್ ತೆಗೆದಾಗ ಮುಖವೆಲ್ಲ ಬೆವರು.

"ಎದುರಿಗೆ ಯಾರೂ ಬರಲಿಲ್ಲೋ ತಮ್ಮಾ" ಅಂದಳು. "ನಿನ್ನ ಉಡಿ ಇತ್ತು ನೋಡು, ಗಾಡಿ ನಿಲ್ಲಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತೆಂಗಿನಕಾಯಿಯನ್ನು ಅವಳ ಮಡಿಲಲ್ಲಿಟ್ಟೆ. ಅಷ್ಟು ಜನರ ನಡುವೆ, ಮೀಸೆ ಹೊತ್ತುಕೊಂಡೇ.

"ಅಕ್ಕಾ, ಉಡಿ ಕಟ್ಟಿದಾಕಿ ನನ್ನ ಹೇಣ್ತಿ. ನಾ ಡಬ್ಬ್ಯಾಗ ತುರುಕಿದವ. ಹೊಸಾ ವೈರ್ ಅಂಗಡಿ ಮೊಳಿಗೇ ತೂಗ್ಲಾಕತ್ತದ, ಹಾಕೀನಂತ ನಿನಗ ಸುಳ್ಳು ಹೇಳ್ದೆ. ಪಂಚಮಿಗೂ ಕರೀಲಿಲ್ಲ. ತಪ್ಪಾತಕ್ಕಾ."