ಮೇಲೋ, ಕೆಳಗೋ

ಎಲ್ಲ ರಗಳೆಗೂ ಕಾರಣ ಒಂದು ಹಾಳೆ. ಅದನ್ನು ಕತ್ತರಿ ಅಕ್ಕ ಊಟದ ಚೀಲದಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಕೆಲಸ ಶುರುವಾಗುವ ಮುಂಚೆ ಇನ್ನೊಮ್ಮೆ ಓದೋಣವೆಂದು ಹೊರತೆಗೆದು, ಅಳತೆಪಟ್ಟಿಯ ಕೆಳಗಿಟ್ಟು, ಕೈ ತೊಳೆಯಲು ಹೋದಳು.

ಅದು ಸೋಫಾ, ಕುರ್ಚಿಗಳಿಗೆ ಮೆತ್ತೆ ಕೂರಿಸುವ ಕಾರ್ಖಾನೆ. ಬಟ್ಟೆಯನ್ನು ಬಲವಾಗಿ ಎಳೆದು ಬಿಗಿಹಿಡಿದು ಕತ್ತರಿಸುವುದು, ಫೋಮು ಕೊಯ್ಯುವುದು ಅವಳ ಕೆಲಸ. ಹದಿನಾರು ವರ್ಷದಲ್ಲಿ ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ಅಲ್ಲಿ ಗಿರಾಕಿಗಳಿಗೂ ಹೆಸರಿಲ್ಲ, ಮೇಸ್ತ್ರಿ ಇಟ್ಟ ಅಡ್ಡಹೆಸರೇ ಗಟ್ಟಿ. ಇನ್ನೊಂದು ಪದ್ಧತಿಯೂ ಇತ್ತು. ಕತ್ತರಿಸುವ ಮೇಜಿನ ಮೇಲೆ ಚಿತ್ರ ಬರೆದ ಕಾಗದ ಯಾವುದೇ ಸಿಕ್ಕಲಿ, ಅದು ಆರ್ಡರು. ಗೋಡೆಯ ಹಲಗೆಗೆ ಚುಚ್ಚಬೇಕು, ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಓದಬೇಕು.

ಹೊಲಿಗೆ ಯಂತ್ರದ ಚಿಕ್ಕಮ್ಮ ಹಾಳೆಯನ್ನು ಚುಚ್ಚಿದಳು. ಮೇಸ್ತ್ರಿ ಓದಿದರು.

"ಒಳಗೆ ಕೂರಿಸೋದು ಎರಡು. ದುಂಡಗೆ. ಜಾಗ, ಸ್ನಾಯುವಿನ ಮೇಲೆ ಅಥವಾ ಸ್ನಾಯುವಿನ ಕೆಳಗೆ. ಒಂದಕ್ಕೆ ಗುರುತು ಹಾಕಿ ಇವತ್ತು ಸಂಜೆ ಐದರೊಳಗೆ..."

ಅಷ್ಟರಲ್ಲಿ ಅವರ ಕಣ್ಣು ಚಿತ್ರದ ಮೇಲೆ ಬಿತ್ತು. ಮೇಸ್ತ್ರಿ ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು.

"ಇದು ನಮ್ಮ ಆರ್ಡರಲ್ಲ ಅನ್ಸುತ್ತೆ."

"ನಂದು," ಎಂದಳು ಕತ್ತರಿ ಅಕ್ಕ, ಬಾಗಿಲಲ್ಲಿ ನಿಂತು.

ಗುಟ್ಟು ರಟ್ಟಾಗಿತ್ತು. ಬೇರೆಯವರಾಗಿದ್ದರೆ ನಾಚಿ ನೀರಾಗುತ್ತಿದ್ದರು. ಕತ್ತರಿ ಅಕ್ಕ ಆ ಜಾತಿಯವಳಲ್ಲ. ಇಬ್ಬರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಮೇಲೆ ಕನ್ನಡಿಯಲ್ಲಿ ಕಾಣುವ ತನ್ನ ಎದೆ ಅವಳಿಗೆ ಹಿಡಿಸಿರಲಿಲ್ಲ. ಅದನ್ನು ಸರಿಪಡಿಸಿಕೊಳ್ಳಬೇಕೆಂದು ಮನಸ್ಸಿಗೆ ಬಂದಿತ್ತು, ಅಷ್ಟೇ. "ನಂಗೇನೂ ಕೊರತೆ ಕಾಣ್ತಿಲ್ಲ," ಎಂದಿದ್ದ ಗಂಡನಿಗೆ, "ನಿಮ್ಮನ್ನ ಕೇಳ್ಲಿಲ್ಲ," ಎಂದು ಉತ್ತರ ಕೊಟ್ಟಿದ್ದಳು. ಮುಂದಿನ ಗುರುವಾರ ಶಸ್ತ್ರಚಿಕಿತ್ಸೆ. ಅದು ತಪ್ಪಿದರೆ ಡಾಕ್ಟರು ಆರು ತಿಂಗಳು ಊರಲ್ಲಿರುವುದಿಲ್ಲ. ಆದ್ದರಿಂದ ಆ ಗುರುವಾರವನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಉಳಿದದ್ದು ಡಾಕ್ಟರು ಕೊಟ್ಟ ಆ ಹಾಳೆಯ ಒಂದೇ ಪ್ರಶ್ನೆ, ಉತ್ತರ ಅವತ್ತೇ ಅವರಿಗೆ ತಲುಪಬೇಕಿತ್ತು. ಎದೆ ತುಂಬಿಕೊಳ್ಳಲು ಒಳಗಿಡುವ ಇಂಪ್ಲಾಂಟನ್ನು ಸ್ನಾಯುವಿನ ಮೇಲೆ ಕೂರಿಸಿದರೆ ನೋವು ಕಡಿಮೆ, ಆದರೆ ಅವಳಂಥ ತೆಳ್ಳಗಿನವರಿಗೆ ಅಂಚು ಕಾಣಬಹುದು. ಕೆಳಗೆ ಕೂರಿಸಿದರೆ ಅಂಚು ಮುಚ್ಚಿಹೋಗುತ್ತದೆ, ಆದರೆ ಬಲ ಹಾಕಿ ಎಳೆಯುವ ಕೆಲಸ ಮಾಡಿದಾಗಲೆಲ್ಲ ಅಲುಗಬಹುದು.

ಮೆತ್ತೆ ಕೂರಿಸುವವರ ಮುಂದೆ ಇಂಥ ಪ್ರಶ್ನೆ ಇಟ್ಟರೆ ಸುಮ್ಮನಿರುತ್ತಾರೆಯೇ?

"ಈಗ ಒಂದು ಸೋಫಾ ಇದೆ ಅಂತ ಇಟ್ಕೋ," ಎಂದು ಮೇಸ್ತ್ರಿ ಸೂರಿನ ಕಡೆ ನೋಡುತ್ತ ಶುರುಮಾಡಿದರು. ಆ ದಿನವಿಡೀ ಅವರು ಸೋಫಾ ಬಿಟ್ಟು ಬೇರೆ ಪದ ಬಳಸಲಿಲ್ಲ. "ಹೊದಿಕೆ ತೆಳು ಇದ್ರೆ ಮೆತ್ತೆ, ಚೌಕಟ್ಟಿಗೆ ಬಿಗಿದ ಪಟ್ಟಿ ಕೆಳಗೇ ಹೋಗ್ಬೇಕು ಕಣಮ್ಮ. ಇಲ್ದಿದ್ರೆ ಅಂಚು ಎದ್ದು ಕಾಣುತ್ತೆ. ಸೋಫಾದ್ದು."

"ಏನು ಕಾಣುತ್ತೆ ಮಣ್ಣು," ಎಂದಳು ಚಿಕ್ಕಮ್ಮ. "ಪಟ್ಟಿ ಕೆಳಗೆ ಹಾಕಿದ್ದು ವರ್ಷದೊಳಗೆ ಜರುಗುತ್ತೆ. ಮೇಲೇ ಇಡಿಸ್ಕೊಳ್ಳೇ, ನನ್ನ ಮಾತು ಕೇಳು."

ಅಂಟು ಕೇಳಲು ಬಂದ ಪಕ್ಕದ ಅಂಗಡಿಯ ಬಡಗಿ ವಿಷಯ ಪೂರ್ತಿ ಕೇಳದೆಯೇ, "ಎಲ್ಲಿ ಇಟ್ರೂ ಸರಿ, ನಾಲ್ಕು ಸ್ಕ್ರೂ ಹೊಡೀರಿ," ಎಂದು ತೀರ್ಪು ಕೊಟ್ಟ. ವಿಷಯ ತಿಳಿದ ಮೇಲೆ ಅಂಟನ್ನೂ ಒಯ್ಯದೆ ಓಡಿದ.

ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯಲ್ಲಿ ಎರಡು ಪಕ್ಷವಾಗಿ, ಮೇಲಿನವರು ಒಂದು ಕಡೆ, ಕೆಳಗಿನವರು ಇನ್ನೊಂದು ಕಡೆ ಊಟಕ್ಕೆ ಕೂತರು. ಊರವರ ಉಸಾಬರಿ ಸಾಕಾಗಿ ಕತ್ತರಿ ಅಕ್ಕ ಡಬ್ಬಿ ಮುಚ್ಚಿ ಎದ್ದಳು. ಒಂದು ಚೌಕಟ್ಟು ತಂದಳು. ಅಡ್ಡಪಟ್ಟಿಯ ಕೆಳಗೊಂದು ಫೋಮಿನ ತುಂಡು, ಮೇಲೊಂದು ತುಂಡು ಇಟ್ಟು, ದಿನವೂ ಬಟ್ಟೆ ಎಳೆಯುವ ಹಾಗೆ ಪಟ್ಟಿಯನ್ನು ಬಲವಾಗಿ ಎಳೆದಳು. ಕೆಳಗಿನದು ಚಂಗನೆ ಪಕ್ಕಕ್ಕೆ ಜರುಗಿತು. ಮೇಲಿನದು ಅಲ್ಲೇ ಕೂತಿತ್ತು.

"ಆದ್ರೆ ಅಂಚು ಕಾಣುತ್ತಲ್ಲಮ್ಮ," ಎಂದರು ಮೇಸ್ತ್ರಿ.

"ಅಂಚು ಕಂಡ್ರೆ ನೋಡೋರಿಗೆ ಕಷ್ಟ. ಅಲುಗಿದ್ರೆ ನಂಗೆ ಕಷ್ಟ. ದಿನಾ ಎಳೆಯೋಳು ನಾನು." ಅವಳು ಪೆನ್ನು ತೆಗೆದು 'ಮೇಲೆ' ಎಂಬುದಕ್ಕೆ ಗುರುತು ಹಾಕಿದಳು. ಗುರುತು ಎಷ್ಟು ಒತ್ತಿ ಬಿತ್ತೆಂದರೆ ಹಾಳೆಯ ಹಿಂದೆಯೂ ಮೂಡಿತು.

ತೀರ್ಮಾನ ಮಾಡಿದವರಿಗೆ ಒಂದು ಹುಮ್ಮಸ್ಸು ಬರುತ್ತದೆ. ಸಿಕ್ಕಿದ್ದನ್ನೆಲ್ಲ ತೀರ್ಮಾನ ಮಾಡಿಬಿಡೋಣ ಅನಿಸುತ್ತದೆ. ಅವಳ ಕಣ್ಣು ಮೂಲೆಯ ಫೋಮಿನ ಮೇಲೆ ಬಿತ್ತು. ಆರಡಿ ಉದ್ದ, ಎರಡಡಿ ಅಗಲ, ನೀರು ಇಳಿಯದ ಒಳ್ಳೆಯ ಮಾಲು. ಗಿರಾಕಿಯ ಹೆಸರು ತ್ರಿಶಂಕು. ಗಟ್ಟಿ ಪದರ ಮೇಲಿರಬೇಕೋ ಮೆತ್ತನೆಯದು ಮೇಲಿರಬೇಕೋ ಎಂದು ಕೇಳಿದಾಗಲೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ, "ಇನ್ನೊಂದಿನ ಕೊಡಿ," ಎಂದು ಫೋನಿಡುತ್ತಿದ್ದ. ಅವತ್ತಿಗೆ ಒಂದು ತಿಂಗಳು ತುಂಬಿತ್ತು. ತಿಂಗಳು ತುಂಬಿದ ಮಾಲನ್ನು ಬೇರೆ ಕೆಲಸಕ್ಕೆ ಬಳಸಬಹುದೆಂಬುದು ಮೇಸ್ತ್ರಿಯದೇ ನಿಯಮ.

"ಒಂದು ಮೆತ್ತೆಗೆ ಮೇಲೋ ಕೆಳಗೋ ಹೇಳೋಕಾಗಲ್ವಾ ಈ ಮನುಷ್ಯನಿಗೆ?" ಎಂದಳು. "ನನ್ನ ನೋಡಿ. ಅರ್ಧ ದಿನದಲ್ಲಿ ಮುಗಿಸ್ದೆ."

"ಇವತ್ತೊಂದಿನ ಕಾಯೋಣ ಕಣಮ್ಮ," ಎಂದರು ಮೇಸ್ತ್ರಿ.

ಕತ್ತರಿ ಅಕ್ಕ ಕಾಯಲಿಲ್ಲ. ಆರಡಿ ಫೋಮು ಹತ್ತು ನಿಮಿಷದಲ್ಲಿ ಹನ್ನೆರಡು ಸ್ಟೂಲಿನ ಮೆತ್ತೆಯಾಯಿತು.

ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಅವಳು ಡಾಕ್ಟರ ಕೋಣೆಯಲ್ಲಿ ಎದೆಯೆತ್ತಿ ಕೂತಿದ್ದಳು. ಡಾಕ್ಟರು ಹಾಳೆಯನ್ನು ತಿರುವಿ ಹಿಂದೆ ಮೂಡಿದ್ದ ಗುರುತನ್ನು ಬೆರಳಿಂದ ಸವರಿದರು.

"ಒಳ್ಳೆ ಆಯ್ಕೆ. ನಿಮ್ಮ ಕೆಲಸಕ್ಕೆ ಇದೇ ಸರಿ. ಅಂಚು ಕಾಣಬಹುದು, ಅದು ಗೊತ್ತಲ್ಲ?"

"ಗೊತ್ತು. ಗುರುವಾರ ಎಷ್ಟು ಹೊತ್ತಿಗೆ ಬರ್ಲಿ?"

"ಎಷ್ಟು ಖಡಕ್ಕಾಗಿ ಮಾತಾಡ್ತೀರಿ. ನಂಗೆ ಈ ಗುಣ ಇಲ್ಲ ನೋಡಿ," ಎಂದು ಡಾಕ್ಟರು ನಿಟ್ಟುಸಿರು ಬಿಟ್ಟರು. "ಆಪರೇಷನ್ ಟೇಬಲ್ಲಿನ ಮೆತ್ತೆ ಸೀಳಿಹೋಗಿದೆ. ಅದರ ಮೇಲೆ ಯಾರನ್ನೂ ಮಲಗಿಸೋ ಹಾಗಿಲ್ಲ. ಹೊಸದು ಹೇಳಿ ಒಂದು ತಿಂಗಳಾಯ್ತು. ಗಟ್ಟಿದು ಮೇಲಿರ್ಲೋ ಮೆತ್ತಂದೋ ಅಂತ ನಾನೇ ಒದ್ದಾಡ್ತಿದ್ದೆ. ನಿಮ್ಮನ್ನ ನೋಡಿ ಧೈರ್ಯ ಬಂತು. ಈಗಲೇ ಹೇಳಿಬಿಡ್ತೀನಿ."

ತ್ರಿಶಂಕು ಯಾರೆಂದು ಕತ್ತರಿ ಅಕ್ಕನಿಗೆ ಹೊಳೆಯಿತು. ಬೇಡವೆನ್ನಲು ಕೈಯೆತ್ತುವಷ್ಟರಲ್ಲಿ ಡಾಕ್ಟರು ನಂಬರು ಒತ್ತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದರು.

"ಗಟ್ಟಿದು ಕೆಳಗೆ, ಮೆತ್ತಂದು ಮೇಲೆ. ಬುಧವಾರದೊಳಗೆ ಬೇಕು," ಎಂದರು ಗತ್ತಿನಿಂದ.

"ಅಯ್ಯೋ, ಆ ಫೋಮು ಮಧ್ಯಾಹ್ನ ಹೋಯ್ತಲ್ಲ ಸ್ವಾಮಿ," ಎಂದಿತು ಮೇಸ್ತ್ರಿಯ ದನಿ. "ಅಂಥದ್ದು ಇನ್ನು ಬರೋದು ಮುಂದಿನ ತಿಂಗಳು. ಇವತ್ತೊಂದಿನ ಕಾಯೋಣ ಅಂತ ನಾನು ಬಡ್ಕೊಂಡೆ. ನಮ್ಮ ಕತ್ತರಿ ಅಕ್ಕ ಕೇಳ್ಬೇಕಲ್ಲ."

"ಯಾರ್ರೀ ಅದು, ಅಷ್ಟು ಅವಸರದ ಹೆಂಗಸು? ಫೋನ್ ಕೊಡಿ ಅವರಿಗೆ."

"ಇಲ್ಲ ಸ್ವಾಮಿ, ಆಸ್ಪತ್ರೆಗೆ ಹೋಗಿದಾಳೆ. ಐದರೊಳಗೆ ಯಾವುದೋ ಕಾಗದ ಕೊಡ್ಬೇಕಿತ್ತಂತೆ."

ಡಾಕ್ಟರು ಫೋನಿಟ್ಟರು. ಗೋಡೆಯ ಗಡಿಯಾರ ನೋಡಿದರು. ಹಾಳೆಯಲ್ಲಿ ಉದ್ಯೋಗವೆಂದು ಬರೆದಿದ್ದ ಜಾಗವನ್ನು ಓದಿದರು. ಆಮೇಲೆ ಅವಳ ಹೆಬ್ಬೆರಳಿನಲ್ಲಿ ಕತ್ತರಿ ಹಿಡಿದು ಜಡ್ಡುಗಟ್ಟಿದ ಜಾಗವನ್ನು ನೋಡಿದರು. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು. ಕತ್ತರಿ ಅಕ್ಕನಿಗೆ ಅಳು ಬರುವಂತಾಗಿತ್ತು, ಅಷ್ಟೇ ನಗುವೂ ಬರುವಂತಾಗಿತ್ತು.

"ಗುರುವಾರ ಆಗಲ್ಲ," ಎಂದು ಡಾಕ್ಟರು ಡ್ರಾಯರು ಎಳೆದು ಹೊಸ ಹಾಳೆಯೊಂದನ್ನು ಅವಳ ಮುಂದಿಟ್ಟರು. "ಆರು ತಿಂಗಳಾದ ಮೇಲೆ ಹಳೇ ಗುರುತು ನಡೆಯಲ್ಲ. ಇನ್ನೊಂದ್ಸಲ ತುಂಬಿ ತರಬೇಕು."

ಅದೇ ಚಿತ್ರ. ಮೇಲೆ, ಕೆಳಗೆ, ಎರಡು ಚೌಕವೂ ಖಾಲಿ. ಅವಳು ಅದನ್ನು ನಾಲ್ಕಾಗಿ ಮಡಚಿ ಊಟದ ಚೀಲದ ತಳಕ್ಕೆ ತುರುಕಿ ಎದ್ದಳು. ಬಾಗಿಲು ತಲುಪುವಷ್ಟರಲ್ಲಿ ಹಿಂದಿನಿಂದ ಡಾಕ್ಟರ ದನಿ ಕೇಳಿತು.

"ಹೇಗೂ ಟೈಮ್ ಇದೆಯಲ್ಲಮ್ಮ. ಗಟ್ಟಿದೇ ಮೇಲಿದ್ರೆ ಹೇಗೆ ಅಂತೀರಿ?"