ಕೆಂಡದ ಮೇಜಿನವರು

ಊಟಿಯ ಒಂದು ಬಾರ್ಬೆಕ್ಯೂ ಹೋಟೆಲಿನಲ್ಲಿ ಬಡಿಸುವ ಕೆಲಸ ನನ್ನದು. ಮೇಜಿನ ನಡುವೆಯೇ ಕೆಂಡದ ಒಲೆ, ಅದರ ಮೇಲೆ ಕಂಬಿಗೆ ಚುಚ್ಚಿದ ಕೋಳಿ, ಪನೀರು, ಅನಾನಸು. ಬೆಂಕಿಯ ಮುಂದೆ ಕೂತವರು ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ. ಹಾಗಾಗಿ ವಾರಕ್ಕೊಂದಾದರೂ ಇಂಥದ್ದು ನಡೆದೇ ನಡೆಯುತ್ತದೆ.

ಬಾವುಟ

ಪ್ರತಿ ಮೇಜಿಗೂ ಒಂದು ಪುಟ್ಟ ಬಾವುಟ. ಅದು ನಿಂತಿರುವ ತನಕ ಕಂಬಿಗಳು ಬರುತ್ತಲೇ ಇರುತ್ತವೆ, ಸಾಕೆನಿಸಿದರೆ ಮಲಗಿಸಬೇಕು. ಒಂದು ಮಧ್ಯಾಹ್ನ ಬಂದ ನಿವೃತ್ತ ಹೆಡ್‌ಮಾಸ್ಟರಿಗೂ ಅವರ ಹೆಂಡತಿಗೂ ಇದನ್ನು ವಿವರಿಸಿದೆ. ಗಂಟೆ ಕಳೆಯಿತು. ಮಾಸ್ಟರು ಬೆವರುತ್ತಿದ್ದರು, ಬೆಲ್ಟು ಸಡಿಲಿಸಿದ್ದರು, ಬಾವುಟ ಮಾತ್ರ ನಿಂತೇ ಇತ್ತು.

"ಸಾರ್, ಸಾಕಾಗಿದ್ರೆ ಇಳಿಸಬಹುದು" ಅಂದೆ.

"ಗೊತ್ತು. ಆದ್ರೆ ಹೊತ್ತು ಮುಳುಗೋ ಮುಂಚೆ ಬಾವುಟ ಇಳಿಸಬಾರದು ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೀನಿ."

ಹೆಂಡತಿ ಕೈಚಾಚಿ ಬಾವುಟ ಮಲಗಿಸಿದರು. "ನಾನು ನಿಮ್ಮ ಸ್ಕೂಲಲ್ಲಿ ಓದಿಲ್ಲ."

ಚಳಿ

ಡಿಸೆಂಬರಿನಲ್ಲಿ ಹತ್ತಿರದ ಇತ್ತಲಾರು ಹಳ್ಳಿಯ ಒಬ್ಬ ಅಜ್ಜಿ ಮಗ ಸೊಸೆಯ ಜೊತೆ ಬಂದರು. ತಿಂದದ್ದು ಎರಡೇ ತುಂಡು ಅನಾನಸು. ಮಿಕ್ಕ ಹೊತ್ತೆಲ್ಲ ಒಲೆಯ ಮೇಲೆ ಕೈ ಹಿಡಿದು ಕೂತಿದ್ದರು. ಊಟ ಮುಗಿದ ಮೇಲೆ ನಾನು ಕೆಂಡ ತೆಗೆಯಲು ಹೋದೆ.

"ಇರಲಿ ಬಿಡು ಮಗಾ. ಊಟಕ್ಕೆ ಬಂದೋರು ಇವರು. ನಾನು ಬಂದಿರೋದು ಬೆಂಕಿಗೆ."

ನನ್ನ ಕೈ ಮುಟ್ಟಿ ನೋಡಿ, "ನಿಂದೂ ಮಂಜಾಗಿದೆಯಲ್ಲ, ಹಿಡಿ" ಅಂದರು. ತಡವೇಕೆಂದು ಕೇಳಲು ಬಂದ ಸೂಪರ್‌ವೈಸರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮಿಕ್ಕ ಹುಡುಗರೂ ಒಬ್ಬೊಬ್ಬರಾಗಿ ಬಂದು ಸೇರಿದರು. ಹತ್ತು ನಿಮಿಷ ನಮ್ಮ ಹೋಟೆಲಿನಲ್ಲಿ ಬಡಿಸುವವರೇ ಇರಲಿಲ್ಲ.

ಕೇಕು

ಒಂಬತ್ತನೇ ಮೇಜಿನಲ್ಲಿ ಒಂದು ಪುಟ್ಟ ಹುಡುಗಿಯ ಹುಟ್ಟುಹಬ್ಬ. ಕೇಕಿನ ಜೊತೆ ಬಂದ ಮೇಜಿನ ನಂಬರಿನ ಚೀಟಿಯನ್ನು ನಾನು ತಲೆಕೆಳಗಾಗಿ ಹಿಡಿದು ಆರು ಅಂತ ಓದಿ, ಕೇಕನ್ನು ಅಲ್ಲಿಗೆ ಒಯ್ದೆ. ಆರರಲ್ಲಿ ಇದ್ದವರು ಕೂನೂರಿನ ಟೀ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬ ತಾತ. ನಾವು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡಿದೆವು. ತಾತ ಎದ್ದು ಕೈಮುಗಿದು, ಮೇಣದಬತ್ತಿ ಊದಿದರು. ಅತ್ತ ಒಂಬತ್ತರಲ್ಲಿ ಹುಡುಗಿ ಅಳತೊಡಗಿದಳು. ನಾನು ಚೀಟಿಯನ್ನು ತಿರುಗಿಸಿ ನೋಡಿದೆ.

"ತಾತಾ, ತಪ್ಪಾಯ್ತು. ಚೀಟಿ ತಲೆಕೆಳಗೆ ಓದಿಬಿಟ್ಟೆ. ಈ ಕೇಕು ಆ ಮಗೂದು."

"ಹೌದಾ? ನಾನು ಹುಟ್ಟಿದ ದಿನ ನಮ್ಮವ್ವಂಗೂ ಗೊತ್ತಿರಲಿಲ್ಲ. ಅವತ್ತು ಮಳೆ ಇತ್ತು ಅಂತಿದ್ದಳು, ಅಷ್ಟೆ. ನಿಮಗೆ ಹೇಗೋ ಗೊತ್ತಾಗಿದೆ ಅಂದ್ಕೊಂಡೆ."

ತಾವೇ ಕೇಕು ಎತ್ತಿಕೊಂಡು ಹೋಗಿ ಹುಡುಗಿಯ ಮುಂದಿಟ್ಟರು. "ನಿಂದೂ ಇವತ್ತೇನಾ ಕಂದಾ? ಬಾ, ಇಬ್ಬರೂ ಸೇರಿ ಊದೋಣ."

ಬತ್ತಿ ಮತ್ತೆ ಹಚ್ಚಿದೆ. ಅಳು ನಿಲ್ಲಿಸಿದ ಹುಡುಗಿ ತಾತನನ್ನು ದಿಟ್ಟಿಸಿ ನೋಡಿ, "ನಿಮಗೆ ಎಷ್ಟು ವರ್ಷ?" ಅಂದಳು.

ತಾತ ನನ್ನ ಕಡೆ ಕೈ ತೋರಿಸಿದರು. "ಈ ಅಣ್ಣನ್ನ ಕೇಳು. ಚೀಟೀಲಿ ಬರೆದಿರುತ್ತೆ."