ವಾಲಿಕುಂಜದ ತುದಿಯಿಂದ ಕಂಡ ಕಡಲು

ದುಬೈಯಲ್ಲಿ ಲಿಫ್ಟ್ ಕೆಟ್ಟಾಗ ಹನ್ನೆರಡು ಮಹಡಿ ಹತ್ತಿದವನಿಗೆ ವಾಲಿಕುಂಜದ ಗುಡ್ಡ ಯಾವ ಲೆಕ್ಕ ಎಂದು ಜಮಾಲುದ್ದೀನ್ ಕಟಪಾಡಿ ಪೇಟೆಯಿಡೀ ಸಾರಿದ್ದ! ಒಂಬತ್ತು ವರ್ಷ ಗಲ್ಫಿನಲ್ಲಿದ್ದು, ನಡುವೆ ಎರಡೇ ಸಲ ಊರಿಗೆ ಬಂದು, ಈಗ ಪೂರ್ತಿ ಮರಳಿದ್ದ. ೧೯೮೪ರ ಡಿಸೆಂಬರ್ ಅದು. ಹೆಂಡತಿ ರುಕಿಯಮ್ಮನನ್ನು ಈವರೆಗೆ ಎಲ್ಲಿಗೂ ಕರೆದೊಯ್ದಿಲ್ಲ ಎಂಬ ಅಳುಕು ಒಳಗಿತ್ತು. ಅದನ್ನು ಒಂದೇ ಏಟಿಗೆ, ಅದೂ ಮೂರು ಸಾವಿರ ಅಡಿ ಎತ್ತರದಲ್ಲಿ, ಕಳೆದುಕೊಳ್ಳುವ ಪಣ ತೊಟ್ಟಿದ್ದ.

ಮೊದಲ ಬಸ್ಸಿಗೆ ಕಾರ್ಕಳ, ಅಲ್ಲಿಂದ ಜೀಪಿನಲ್ಲಿ ಗುಡ್ಡದ ಬುಡ. ಅವನ ಕಾಲಲ್ಲಿ ಮುಖ ಕಾಣುವಷ್ಟು ಹೊಳೆಯುವ ಫಾರಿನ್ ಬೂಟು, ಹೆಗಲಲ್ಲಿ ಚಹಾದ ಫ್ಲಾಸ್ಕು. ರುಕಿಯಮ್ಮನದು ಹಳೇ ಹವಾಯಿ ಚಪ್ಪಲಿ. ಅದು ಅರ್ಧ ದಾರಿಯೂ ಬಾಳದು ಎಂದು ಅವನು ಭವಿಷ್ಯ ನುಡಿದ.

ಅರ್ಧ ದಾರಿಯಲ್ಲಿ ಬೂಟಿನ ಅಟ್ಟೆಯೇ ಬಾಯಿ ತೆರೆಯಿತು. ಕರವಸ್ತ್ರದಿಂದ ಆ ಬಾಯಿಯನ್ನು ಬಿಗಿದು ನಾಲ್ಕು ಹೆಜ್ಜೆ ಇಟ್ಟ. ಗಂಟಿಗೆ ಎಡವಿ ದೊಪ್ಪೆಂದು ಕೂತ. ಕೂತ ರಭಸಕ್ಕೆ ಫ್ಲಾಸ್ಕು ಹೆಗಲಿನಿಂದ ಜಾರಿ, ಚಹಾಸಮೇತ ಕಾರ್ಕಳದ ಕಡೆಗೆ ಉರುಳತೊಡಗಿತು. ಅದನ್ನು ತಡೆಯಲು ಚಾಚಿದ ಕಾಲಿನಿಂದ ಇನ್ನೊಂದು ಅಟ್ಟೆಯೂ ಕಳಚಿ ಅದರ ಬೆನ್ನು ಹಿಡಿಯಿತು.

ರುಕಿಯಮ್ಮ ನಗಲಿಲ್ಲ. ಚಪ್ಪಲಿ ಬಿಚ್ಚಿ ಅವನ ಮುಂದಿಟ್ಟಳು. ತವರು ಎರ್ಮಾಳಿನ ಕಡಲ ದಂಡೆಯ ಸುಡುವ ಹೊಯಿಗೆಯಲ್ಲಿ ಬರಿಗಾಲಲ್ಲೇ ಬೆಳೆದವಳು ತಾನು ಎಂದಷ್ಟೇ ಹೇಳಿ ಮುಂದೆ ನಡೆದಳು. ಹಿಮ್ಮಡಿ ಎರಡು ಬೆರಳು ಹೊರಗೆ ಚಾಚಿದ ಹೆಂಗಸರ ಚಪ್ಪಲಿಯಲ್ಲಿ, ಏದುಸಿರು ಬಿಡುತ್ತಾ, ಹನ್ನೆರಡು ಮಹಡಿಯ ವೀರ ಹಿಂಬಾಲಿಸಿದ.

ತುದಿ ಬಂತು. ಬಿಸಿಲು ಹಿತವಾಗಿತ್ತು. ಗುಡ್ಡದ ಹುಲ್ಲೆಲ್ಲ ಗಾಳಿಗೆ ಒಟ್ಟಿಗೆ ಬಾಗಿ, ಒಟ್ಟಿಗೆ ಏಳುತ್ತಿತ್ತು. ಕಾಲ ಕೆಳಗೆ ಗಿಡುಗವೊಂದು ತೇಲುತ್ತಿತ್ತು. ಹಕ್ಕಿಯ ಬೆನ್ನನ್ನು ಮೇಲಿನಿಂದ ಅವರಿಬ್ಬರೂ ಅದುವರೆಗೆ ನೋಡಿರಲಿಲ್ಲ. ಅದರ ಕೆಳಗೆ ಕಾಡು, ಆಚೆ ಗದ್ದೆ, ತೆಂಗು, ಎಲ್ಲದರಾಚೆ ಆಕಾಶದ ಬುಡದಲ್ಲಿ ಹೊಳೆಯುವ ಒಂದು ಪಟ್ಟಿ.

"ಅದು ನಮ್ಮ ಕಡಲಾ?" ರುಕಿಯಮ್ಮ ಕೇಳಿದಳು.

"ಹೌದು. ನಾನು ಇದ್ದದ್ದು ಅದರ ಆಚೆ."

ಒಂಬತ್ತು ವರ್ಷ ತವರಿನ ದಂಡೆಯಲ್ಲಿ ನಿಂತು, ಆಚೆ ದಡ ಕಾಣದೆ ಮನೆಗೆ ಮರಳಿದವಳು ಅವಳು. ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಆಮೇಲೆ ಎರಡು ಬೆರಳನ್ನು ಕಣ್ಣೆದುರು ಹಿಡಿದು ಕಡಲನ್ನು ಅಳೆದಳು. ಅದು ಬೆರಳುಗಳ ನಡುವೆ ಸಲೀಸಾಗಿ ಹಿಡಿಸಿತು.

"ಇಷ್ಟೇ ಉಂಟಲ್ವಾ," ಎಂದಳು ಮೆಲ್ಲಗೆ. "ವರ್ಷಕ್ಕೊಮ್ಮೆಯಾದರೂ ಬರಬಹುದಿತ್ತು ನೀವು."